ಹಾಕಿದಲ್ಲಿ ಕೂರದ ಕಾಗದ

ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷಕ್ಕೆ ನಾನು ನೆಲದ ಮೇಲಿಂದ ಒಂದು ಕಲ್ಲು ಎತ್ತಿಕೊಂಡೆ. ಹೊತ್ತು ಇಷ್ಟು ಖಚಿತವಾಗಿ ಹೇಗೆ ಗೊತ್ತೆಂದರೆ, ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಲಾರಿಯಿಂದ ಮೂರನೆಯ ರೀಲು ಇಳಿದ ಸಮಯವನ್ನು ರಿಜಿಸ್ಟರಿನಲ್ಲಿ ಬರೆದು ಪೆನ್ನಿಗೆ ಮುಚ್ಚಳ ಹಾಕಿದ್ದೆ. ನನ್ನ ಬದುಕಿನ ದೊಡ್ಡ ಗಳಿಗೆಗಳಲ್ಲಿ ಯಾವುದರ ಸಮಯವೂ ನನಗೆ ನೆನಪಿಲ್ಲ. ಮದುವೆಯ ಮುಹೂರ್ತ ಕೇಳಿದರೆ ಲಗ್ನಪತ್ರಿಕೆ ಹುಡುಕಬೇಕು. ಮಗಳು ಹುಟ್ಟಿದ ಹೊತ್ತಿಗೆ ಆಸ್ಪತ್ರೆಯ ಚೀಟಿಯೇ ಗತಿ. ಆದರೆ ಈ ಹನ್ನೊಂದು ಹದಿನೇಳು ಮಾತ್ರ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ತಲೆ ಬಾಚಿಕೊಳ್ಳುವಾಗ, ಕರೆಯದೆ ಬಂದು ಎದುರು ಕೂರುತ್ತದೆ.

ಕಲ್ಲಿನ ಮಾತು ಆಮೇಲೆ. ಮೊದಲು ನನ್ನ ಕೆಲಸ ಏನೆಂದು ಹೇಳಬೇಕು, ಯಾಕೆಂದರೆ ಹೇಳಿದ ಕೂಡಲೆ ಜನ ನಗುತ್ತಾರೆ. ನಾನು ಕಾಗದ ಕಾಯುವವಳು. ಹೊಸಪೇಟೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆ ಇದೆ. ಅದಕ್ಕೆ ಬೇಕಾದ ಕಂದು ಬಣ್ಣದ ದಪ್ಪ ಕಾಗದ ದೊಡ್ಡ ದೊಡ್ಡ ರೀಲುಗಳಾಗಿ ಬರುತ್ತದೆ. ಅವನ್ನು ಇಳಿಸಿಕೊಂಡು, ಒದ್ದೆಯಾಗದಂತೆ, ಅಂಚು ಮುರಿಯದಂತೆ ಇಟ್ಟು, ಬೇಕೆಂದಾಗ ಕಳಿಸಿಕೊಡುವ ಗೋಡೌನು ಕಂಪ್ಲಿಯಲ್ಲಿದೆ. ಎಂ.ಕಾಂ. ಓದಿದ ಮೇಲೆ ನಾನು ದಿನಾ ಹೊಸಪೇಟೆಯಿಂದ ಕಂಪ್ಲಿಯ ಬಸ್ಸು ಹತ್ತುವುದು ಈ ಕಾಗದಕ್ಕಾಗಿ. "ಅದರಾಗೇನೈತಿ, ಫ್ಯಾನ್ ಹಾಕದಿದ್ರ ಆತು, ಹಾರಿ ಹೋಗಂಗಿಲ್ಲ" ಎಂದು ನಮ್ಮ ಓರಗಿತ್ತಿ ಒಮ್ಮೆ ಅಂದಿದ್ದಳು.

ಕಾಗದ ಹಗುರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರುಬಿಟ್ಟಿದೆ. ಚಿಕ್ಕಂದಿನಲ್ಲಿ ಅದರಿಂದ ದೋಣಿ ಮಾಡಿದ್ದೇವೆ, ವಿಮಾನ ಮಾಡಿದ್ದೇವೆ, ಮಂಡಕ್ಕಿ ಕಟ್ಟಿಸಿಕೊಂಡು ತಿಂದಿದ್ದೇವೆ. ಹೀಗಾಗಿ ಒಂದು ಹಾಳೆಯ ಗುಣವನ್ನೇ ಕಾಗದದ ಗುಣ ಅಂದುಕೊಂಡುಬಿಟ್ಟಿದ್ದೇವೆ. ಅದೇ ಹಾಳೆ ಮೈಲುಗಟ್ಟಲೆ ಉದ್ದವಾಗಿ, ತನ್ನ ಮೇಲೆ ತಾನೇ ಬಿಗಿಯಾಗಿ ಸುತ್ತಿಕೊಂಡು ಕೂತರೆ ಆರೇಳು ಕ್ವಿಂಟಾಲಾಗುತ್ತದೆ. ಮೈದುಂಬಿದ ಎರಡು ಎತ್ತಿನ ತೂಕ. ಎತ್ತಿಗಾದರೆ ಹಗ್ಗವಿದೆ, ಹೆಸರಿದೆ, ಕರೆದರೆ ನಿಲ್ಲುತ್ತದೆ. ರೀಲಿಗೆ ಅದೇನೂ ಇಲ್ಲ. ಮೇಲಾಗಿ ಅದು ಗುಂಡಗಿದೆ.

ನಮ್ಮ ಮನೆಯವರು ದೋಣಿಮಲೈ ಗಣಿಯಲ್ಲಿ ಕೆಲಸ ಮಾಡುತ್ತಾರೆ. ಸಂಡೂರಿನ ಗುಡ್ಡದ ಕಡೆಯವರಿಗೆಲ್ಲ ಭಾರದ ಬಗ್ಗೆ ಒಂದು ಭರವಸೆ ಇರುತ್ತದೆ. "ನಮ್ಮ ಅದಿರು ನೋಡು, ಹಾಕಿದಲ್ಲೇ ಕುಂದರ್ತೈತಿ. ಭಾರ ಇದ್ದದ್ದು ಯಾವತ್ತೂ ಶಾಂತ" ಎನ್ನುತ್ತಾರೆ ಅವರು. ಹೇಳುವಾಗ ನನ್ನ ಕಡೆ ನೋಡುವುದರಿಂದ, ಅದಿರಿನ ಮಾತೋ ನನ್ನ ತೂಕದ ಮಾತೋ ಎಂದು ನಾನು ವಿಚಾರಿಸಲು ಹೋಗಿಲ್ಲ. ಆದರೆ ಅವರ ಮಾತು ಅದಿರಿಗಷ್ಟೇ ಸರಿ. ಅದಿರನ್ನು ಸುರಿದರೆ ಅದು ತನಗೆ ಬೇಕಾದಂತೆ ರಾಶಿಯಾಗಿ ಕೂತು ಸುಮ್ಮನಾಗುತ್ತದೆ. ಕಾಗದದ ರೀಲು ಕೂತಂತೆ ಕಾಣುತ್ತದೆ, ಅಷ್ಟೆ.

ಕಾಗದವನ್ನು ಇಡುವ ಕ್ರಮ ನನಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ. ಅರ್ಧ ಕೆಲಸಕ್ಕೆ ಸೇರಿದ ಮೇಲೆ ಕಲಿತೆ, ಇನ್ನರ್ಧ ಮೊದಲೇ ಗೊತ್ತಿತ್ತು. ನನ್ನ ತವರು ಬುಕ್ಕಸಾಗರ. ನಮ್ಮವ್ವ ಭತ್ತದ ಚೀಲ ಇಡುವಾಗ ಕೆಳಗೆ ಹಲಗೆ ಹಾಕುತ್ತಿದ್ದಳು, ಗೋಡೆಗೆ ತಾಗಿಸುತ್ತಿರಲಿಲ್ಲ, ಹೊಸ ಚೀಲ ಹಿಂದೆ, ಹಳೆಯದು ಮುಂದೆ. ಕಾಗದಕ್ಕೂ ಇದೇ ಶಾಸ್ತ್ರ. ನೆಲ ಮುಟ್ಟಿದರೆ ನೆಲದ ತೇವ ಕುಡಿಯುತ್ತದೆ, ಗೋಡೆ ಮುಟ್ಟಿದರೆ ಗೋಡೆಯದು. ಮಳೆಗಾಲದಲ್ಲಿ ಟಿ.ಬಿ. ಡ್ಯಾಂ ತುಂಬಿ ಕಾಲುವೆಯೆಲ್ಲ ಹರಿಯತೊಡಗಿತೆಂದರೆ ನಮ್ಮ ಕಡೆಯ ಗಾಳಿಯೇ ಒದ್ದೆ. ಜನಕ್ಕೆ ಅದು ತಂಪು, ಕಾಗದಕ್ಕೆ ಅದು ನೀರು. ರೀಲಿನ ಎರಡೂ ಅಂಚು ಉಬ್ಬಿ, ಹಪ್ಪಳದ ತುದಿಯಂತೆ ಅಲೆ ಅಲೆಯಾಗುತ್ತದೆ. ಅದರಿಂದ ಮಾಡಿದ ಪೆಟ್ಟಿಗೆ ಭಾರ ಹೊರುವ ಮೊದಲೇ ಮಂಡಿ ಊರುತ್ತದೆ. ಬಿಸಿಲೂ ಆಗದು; ಒಣಗಿ ಗರಿಗರಿಯಾಗಿ ಮಡಿಸಿದಲ್ಲಿ ಬಿರುಕು ಬಿಡುತ್ತದೆ. ತರುವ ಲಾರಿ ಹಿಂದಿನ ದಿನ ಸಂಡೂರಿನ ಅದಿರು ಹೊತ್ತಿದ್ದರೆ ಅದರ ಕೆಂಪು ಧೂಳು ಗುಡಿಸಿ, ತಾಡಪತ್ರಿ ಹಾಸಿ, ಆಮೇಲೆ ರೀಲು ಹೇರಬೇಕು. ನಮ್ಮ ಮನೆಯವರ ಅಂಗಿ ಒಗೆದು ಒಗೆದು ಆ ಧೂಳಿನ ಸ್ವಭಾವ ನನಗೆ ಚೆನ್ನಾಗಿ ಗೊತ್ತು, ಹತ್ತಿಕೊಂಡರೆ ಬಿಡುವುದಿಲ್ಲ.

ಭತ್ತ ಕಲಿಸದೆ ಉಳಿಸಿದ ಪಾಠ ಒಂದೇ. ಭತ್ತ ಉರುಳುವುದಿಲ್ಲ.

ನಮ್ಮ ಗೋಡೌನು ಹಿಂದೆ ಅಕ್ಕಿ ಗಿರಣಿಯಾಗಿತ್ತು. ಕಾರ್ಖಾನೆಯ ಮಾಲೀಕರ ಮನೆತನದ್ದೇ. ಅವರನ್ನು ನಾವೆಲ್ಲ ಸಾಹುಕಾರ್ರು ಎನ್ನುತ್ತೇವೆ. ಗಿರಣಿ ನಿಂತ ಮೇಲೆ ಕಟ್ಟಡ ಖಾಲಿ ಇತ್ತು, ಮುಂದೆ ಭತ್ತ ಒಣಗಿಸುವ ವಿಶಾಲವಾದ ಗಚ್ಚಿನ ಅಂಗಳವಿತ್ತು, ಕಾಗದ ಇಡಲು ಇದಕ್ಕಿಂತ ಏನು ಬೇಕು ಎಂದು ಎಲ್ಲರಿಗೂ ಅನಿಸಿತು. ಆ ಅಂಗಳ ನೋಡಲು ಸಮತಟ್ಟು. ಆದರೆ ಭತ್ತ ಒಣಗಿಸುವ ಅಂಗಳವನ್ನು ಸಮತಟ್ಟಾಗಿ ಯಾರೂ ಕಟ್ಟುವುದಿಲ್ಲ. ಅಕಾಲದಲ್ಲಿ ಮಳೆ ಬಂದರೆ ನೀರು ನಿಲ್ಲಬಾರದೆಂದು ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟಿರುತ್ತಾರೆ. ಒಣಗುವ ಭತ್ತವನ್ನು ಉಳಿಸಲು ಯಾವನೋ ಜಾಣ ಗೌಂಡಿ ಕೊಟ್ಟ ಆ ಇಳಿಜಾರಿನ ಮೇಲೆ ನಾವು ಗುಂಡಗಿನ ಆರೇಳು ಕ್ವಿಂಟಾಲು ಇಳಿಸುತ್ತಿದ್ದೆವು.

ಇಳಿಸುವ ರೀತಿಯೂ ನಮ್ಮದೇ. ಲಾರಿಯ ಹಿಂದೆ ಹಳೆಯ ಟೈರು ಪೇರಿಸಿ, ಅದರ ಮೇಲೆ ರೀಲನ್ನು ಧೊಪ್ಪನೆ ಕೆಡವಿ, ಇಬ್ಬರು ಹಮಾಲರು ಉರುಳಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸುತ್ತಾರೆ. ನಿಲ್ಲಿಸಿದ ಕೂಡಲೆ ಇಳಿಜಾರಿನ ಕಡೆಗೆ ಮರದ ಬೆಣೆ ಕೊಡಬೇಕು. ಎಲ್ಲ ಇಳಿದ ಮೇಲೆ ಒಂದೊಂದಾಗಿ ಒಳಗೆ. ಬೆಣೆ ಕೊಡುವುದು ಲಾರಿ ಡ್ರೈವರ್ ತಿಪ್ಪಣ್ಣನ ಕೆಲಸ. ಅವರು ವರ್ಷಗಟ್ಟಲೆ ಸಂಡೂರಿನಿಂದ ಅದಿರು ಹೊಡೆದು, ಸೊಂಟ ನೋವು ಬಂದ ಮೇಲೆ ನಮ್ಮ ಕಾಗದಕ್ಕೆ ಬಂದವರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಹಿರಿಯರಾದರೂ ನನ್ನನ್ನು 'ಅಕ್ಕಾರ' ಎನ್ನುತ್ತಾರೆ. "ಬೆಣೆ ಇಲ್ಲದೆ ರೀಲು ನಿಲ್ಲಿಸಬಾರದು" ಎಂಬ ಬೋರ್ಡು ಬಾಗಿಲ ಪಕ್ಕ ಇದೆ. ಅದನ್ನು ಬರೆದವಳು ನಾನು. ಅಕ್ಷರ ದುಂಡಗಿವೆ ಎಂದು ಬಂದವರೆಲ್ಲ ಹೊಗಳುತ್ತಾರೆ.

ಆ ದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಅಂಗಡಿ, ಗಿರಣಿ, ಲಾರಿ ಎಲ್ಲಕ್ಕೂ ಪೂಜೆ ಆಗಬೇಕು. ಸಾಹುಕಾರ್ರು ಹೊಸಪೇಟೆಯಿಂದ ಫೋನು ಮಾಡಿದರು. "ಪೂಜಿ ಆತೇನವಾ? ಹನ್ನೊಂದೂವರಿ ಒಳಗ ಕಾಯಿ ಒಡೀರಿ." ನಾನು ಕಾಯಿ, ಊದುಬತ್ತಿ ಹಿಡಿದು ಗೇಟಿಗೆ ಹೋದೆ. ಕಾಯಿ ಒಡೆಯಲು ಗೇಟಿನ ಪಕ್ಕ ಒಂದು ಕರಿಗಲ್ಲು ಯಾವಾಗಲೂ ಇರುತ್ತದೆ, ಒಂದು ಕಡೆ ಚೂಪು, ಅರಿಷಿಣ ಕುಂಕುಮ ಹತ್ತಿದ್ದು. ಅಂದು ಅದು ಅಲ್ಲಿರಲಿಲ್ಲ. ಹುಡುಕಿದರೆ ಮೂರನೆಯ ರೀಲಿನ ಕೆಳಗಿತ್ತು. ಒಂದು ಬೆಣೆ ಸೀಳಿಹೋಗಿದ್ದರಿಂದ ತಿಪ್ಪಣ್ಣ ಆ ಕಲ್ಲನ್ನು ತಂದು ಬೆಣೆಯಾಗಿ ಕೊಟ್ಟಿದ್ದರೆಂದು ತಿಳಿದದ್ದು ಆಮೇಲೆ; ರೀಲನ್ನು ಆಚೆಯಿಂದ ಹಿಡಿದಿದ್ದ ಹಮಾಲರಿಗೂ ಅದು ಕಂಡಿರಲಿಲ್ಲ.

ನನಗೆ ಕಂಡದ್ದು ಬೆಣೆಯಲ್ಲ, ಕಾಯಿ ಒಡೆಯುವ ಕಲ್ಲು. ಇದನ್ನು ಯಾರು ಇಲ್ಲಿ ತಂದಿಟ್ಟರಪ್ಪಾ ಎಂದು ಮನಸ್ಸಿನಲ್ಲೇ ಗೊಣಗಿ, ಕಾಲಿನಿಂದ ಸಡಿಲಿಸಿ ಎತ್ತಿಕೊಂಡೆ. ರೀಲು ಅಲ್ಲಾಡಲಿಲ್ಲ. ಅದು ಅಲ್ಲಾಡಿದ್ದರೆ ನಾನು ಬುದ್ಧಿವಂತಳಾಗಿ ಉಳಿಯುತ್ತಿದ್ದೆ. ಕೂತಲ್ಲಿ ತಳ ಸ್ವಲ್ಪ ಚಪ್ಪಟೆಯಾಗಿದ್ದರಿಂದ ಅದು ಒಂದಿಷ್ಟು ಹೊತ್ತು ಯೋಚನೆ ಮಾಡಿತು ಅಂತ ಕಾಣುತ್ತದೆ. ಈಗ ಆಗಲಿಲ್ಲ ಎಂಬುದನ್ನು ನಾನು ಎಂದೂ ಆಗುವುದಿಲ್ಲ ಎಂದು ಓದಿಕೊಂಡು ಗೇಟಿನ ಕಡೆ ನಡೆದೆ. ಲಾರಿಯ ಆಚೆ ಇದ್ದ ತಿಪ್ಪಣ್ಣನಿಗಾಗಲಿ ಹಮಾಲರಿಗಾಗಲಿ ಇದು ಕಾಣಲಿಲ್ಲ.

ಕಾಯಿ ಚೆನ್ನಾಗಿ ಒಡೆಯಿತು, ಸರಿಯಾಗಿ ಎರಡು ಹೋಳು. ಅಂಗಳದ ಕೆಳತುದಿಯಲ್ಲಿ, ಕಾಂಪೌಂಡ್ ಗೋಡೆಯ ನೆರಳಿನಲ್ಲಿ, ಹುಲಿಗೆವ್ವ ನಮ್ಮ ಕಡೆ ಬೆನ್ನು ಮಾಡಿ ಕೂತು ಹರಿದ ಹೊದಿಕೆ ಕಾಗದ ಬೇರೆ ಮಾಡುತ್ತಿದ್ದಳು. ಗೋಡೌನು ಗುಡಿಸಿ, ಹರಿದದ್ದು ಆರಿಸಿ, ಜೊತೆಗೆ ನಮ್ಮೆಲ್ಲರನ್ನೂ ಬೈದು ನೆಟ್ಟಗಿಡುವ ಹೆಂಗಸು. "ಹುಲಿಗೆವ್ವಾ, ಪ್ರಸಾದ ತಗೋ ಬಾ" ಎಂದು ಕೂಗಿದೆ.

"ಬಂದೆ ತಡಿಯವಾ, ಮಣಕಾಲು ಏಳಬೇಕಲ್ಲ" ಎಂದಳು. ಮೊಣಕಾಲಿಗೆ ಕೈಕೊಟ್ಟು ಎದ್ದಳು. ನಾಲ್ಕು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ನಾಲ್ಕನೆಯ ರೀಲು ಟೈರಿನ ಮೇಲೆ ಬಿತ್ತು. ನೆಲ ಅದುರಿತು.

ಮೂರನೆಯ ರೀಲು ಹೊರಟದ್ದು ಓಡುವಂತೆ ಅಲ್ಲ, ಊಟವಾದ ಮೇಲೆ ಅಡ್ಡಾಡಲು ಹೊರಟವರಂತೆ. ಮೊದಲ ಸುತ್ತು ಎಷ್ಟು ನಿಧಾನವಾಗಿತ್ತೆಂದರೆ ನನಗೆ ಅದನ್ನು ನೋಡುತ್ತ, ಇದು ನಿಜವಲ್ಲ ಅಂದುಕೊಳ್ಳಲು ಸಮಯ ಸಿಕ್ಕಿತು. ಎರಡನೆಯ ಸುತ್ತಿಗೆ ಸದ್ದು ಬಂತು. ಆಮೇಲೆ ಎಣಿಸಲಾಗಲಿಲ್ಲ. "ಏ ಸರೀ, ಸರೀ!" ಎಂದು ತಿಪ್ಪಣ್ಣ ಕಿರುಚಿದರು. ಹುಲಿಗೆವ್ವ ಹಿಂದೆ ತಿರುಗಲೇ ಇಲ್ಲ. ಅವಳು ನನ್ನ ಮುಖ ನೋಡುತ್ತಿದ್ದಳು. ರೀಲು ಅವಳ ಸೆರಗಿಗೆ ಗಾಳಿ ಹಾಕಿ ಹಿಂದಿನಿಂದ ಹಾದುಹೋಗಿ, ಅವಳು ಕೂತಿದ್ದ ಜಾಗದಲ್ಲಿ ಗೋಡೆಗೆ ಬಡಿಯಿತು. ಗೋಡೆ ಬಿರಿಯಿತು. ಅವಳ ಊಟದ ಸ್ಟೀಲ್ ಡಬ್ಬಿ ಅಲ್ಲೇ ಇತ್ತು. ಆಮೇಲೆ ಎತ್ತಿ ನೋಡಿದರೆ ಅದು ತಟ್ಟೆಯಾಗಿತ್ತು. ಒಳಗಿನ ರೊಟ್ಟಿಗೂ ಅದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

"ಯಾಕ ಹಂಗ ನೋಡ್ತೀಯವಾ ನನ್ನ? ದೆವ್ವ ಕಂಡಂಗ" ಎಂದು ಕೇಳಿದಳು ಹುಲಿಗೆವ್ವ. ಆಮೇಲೆ ತಿರುಗಿ ನೋಡಿ ಅಲ್ಲೇ ಕೂತುಬಿಟ್ಟಳು.

ಸಾಹುಕಾರ್ರು ಒಂದು ಗಂಟೆಯೊಳಗೆ ಕಾರಿನಲ್ಲಿ ಬಂದರು. ಚಪ್ಪಟೆ ಡಬ್ಬಿ ನೋಡಿದರು, ಬಿರಿದ ಗೋಡೆ ನೋಡಿದರು, ಗೇಟಿನಲ್ಲಿ ಇನ್ನೂ ಹೊಗೆಯಾಡುತ್ತಿದ್ದ ಊದುಬತ್ತಿ ನೋಡಿ ಕೈ ಮುಗಿದರು. "ಅಮಾಸಿ ಪೂಜಿ ತಪ್ಪಿಸಬ್ಯಾಡ ಅಂತ ನಮ್ಮವ್ವ ಯಾವಾಗ್ಲೂ ಹೇಳಾಕಿ. ನೋಡ್ರಿ ಈಗ. ಪ್ರಸಾದಕ್ಕ ಕರೀದಿದ್ರ ಈಕಿ ಇರ್ತಿದ್ಲಾ?" ಎಲ್ಲರೂ ಹೌದು ಹೌದು ಎಂದರು. ಕಾಯಿಯಿಂದಲೇ ರೀಲು ಉರುಳಿದ್ದು, ಕಾಯಿಯಿಂದಲೇ ಹುಲಿಗೆವ್ವ ಉಳಿದದ್ದು. ಈ ಎರಡನ್ನೂ ತಿಳಿದಿದ್ದವಳು ಅಲ್ಲಿ ನಾನೊಬ್ಬಳೇ.

ಆಮೇಲೆ ಸಾಹುಕಾರ್ರು ತಿಪ್ಪಣ್ಣನ ಕಡೆ ತಿರುಗಿದರು. "ರೀಲಿಗೆ ಬೆಣಿ ಕೊಟ್ಟಿದ್ದಿಲ್ಲೇನಲೇ?"

"ಕೊಟ್ಟಿದ್ನಿರಿ. ಬೆಣಿ ಒಡದಿತ್ತು. ಗೇಟಿನ ಕಲ್ಲು ತಂದು ಇಟ್ಟಿದ್ನಿರಿ."

"ಗೇಟಿನ ಕಲ್ಲು ಗೇಟಿನಾಗ ಐತಲ್ಲೋ! ಈಗಿನ್ನ ಅದರ ಮ್ಯಾಲ ಕಾಯಿ ಒಡದಾರ, ನೀರು ಸೈತ ಆರಿಲ್ಲ."

ತಿಪ್ಪಣ್ಣ ಗೇಟಿನ ಕಡೆ ನೋಡಿದರು. ಕಲ್ಲು ಅಲ್ಲಿತ್ತು. ಮೇಲೊಂದು ಹೂವು ಇಟ್ಟುಕೊಂಡು, ಜನ್ಮದಲ್ಲಿ ಆ ಜಾಗ ಬಿಟ್ಟು ಕದಲಿಲ್ಲ ಎನ್ನುವಂತೆ ಕೂತಿತ್ತು. ಅವರು ತಮ್ಮ ಎರಡೂ ಕೈ ನೋಡಿಕೊಂಡರು. "ತಂದಂಗ ನೆನಪಿತ್ರಿ..." ಎಂದರು. ಮೊದಲು 'ಇಟ್ಟಿದ್ದೆ' ಅಂದವರು ಈಗ 'ನೆನಪಿತ್ತು' ಅಂದರು. ಒಬ್ಬ ಮನುಷ್ಯ ತನ್ನ ಮೇಲಿನ ನಂಬಿಕೆಯಿಂದ ಒಂದು ಮೆಟ್ಟಿಲು ಕೆಳಗಿಳಿಯುವುದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಬಾಯಿ ತೆರೆಯಬೇಕಾಗಿದ್ದದ್ದು ಆಗ. ಆದರೆ ನನ್ನ ಬಾಯಲ್ಲಿ ಸಾಹುಕಾರ್ರು ಆಗಷ್ಟೇ ಎಲ್ಲರಿಗೂ ಹಂಚಿದ ಪ್ರಸಾದದ ಕೊಬ್ಬರಿ ಇತ್ತು. ಅಗಿಯಲೂ ಆಗದೆ, ಉಗಿಯಲೂ ಆಗದೆ ನಿಂತೆ. ಅಷ್ಟರಲ್ಲಿ ಸಾಹುಕಾರ್ರು ತೀರ್ಮಾನ ಹೇಳಿ ಆಗಿತ್ತು. "ಈ ತಿಂಗಳು ಮುಗೀಲಿ. ಮುಂದಿನ ತಿಂಗಳಿಂದ ಬ್ಯಾರೆ ಲಾರಿ ನೋಡೋಣು. ನಿನಗೂ ವಯಸ್ಸಾತು, ತಿಪ್ಪಣ್ಣ."

ತಿಂಗಳು ಮುಗಿಯಲು ಹದಿನಾರು ದಿನ ಉಳಿದಿತ್ತು.

ಗೇಟಿನ ಹತ್ತಿರ ಒಂದು ಕ್ಯಾಮೆರಾ ಇದೆ. ಮರುದಿನ ಎಲ್ಲರ ಕಣ್ಣು ತಪ್ಪಿಸಿ ಅದನ್ನು ನೋಡಿದೆ. ಅದಕ್ಕೆ ಅಂಗಳ ಕಾಣುವುದಿಲ್ಲ, ಗೇಟಿನ ಬುಡದ ಕಲ್ಲೂ ಕಾಣುವುದಿಲ್ಲ. ಅದರಲ್ಲಿ ಇರುವುದೆಲ್ಲ ನಾನು ಭಕ್ತಿಯಿಂದ ಕಣ್ಣು ಮುಚ್ಚಿ ಕಾಯಿ ಒಡೆಯುವ ದೃಶ್ಯ. ಬಹಳ ಚೆನ್ನಾಗಿ ಬಂದಿದೆ.

ಓದಿದವರು ತಪ್ಪು ಮಾಡಿದರೆ ಒಂದು ಅನುಕೂಲವಿದೆ, ಕಾರಣಗಳು ಬೇಗ ಹೊಳೆಯುತ್ತವೆ. ಇಳಿಜಾರು ಕೊಟ್ಟ ಗೌಂಡಿಯದು ತಪ್ಪು ಅಂದುಕೊಂಡೆ. ಸೀಳಿದ ಬೆಣೆ ಬದಲಿಸದ ಸಾಹುಕಾರ್ರದು ತಪ್ಪು ಅಂದುಕೊಂಡೆ. ಕಾಯಿ ಒಡೆಯುವ ಕಲ್ಲನ್ನು ರೀಲಿಗೆ ಕೊಟ್ಟ ತಿಪ್ಪಣ್ಣನದೂ ಸ್ವಲ್ಪ ಇರಲಿ ಅಂದುಕೊಂಡೆ. ಹೀಗೆ ಎಲ್ಲರಿಗೂ ಹಂಚಿದರೂ ನನ್ನ ಪಾಲು ಕರಗಲಿಲ್ಲ. ಮನಸ್ಸು ಸಮಾಧಾನವಾಗಲೆಂದು ಹುಲಿಗೆವ್ವನಿಗೆ ಮೂರು ಅಂತಸ್ತಿನ ಹೊಸ ಊಟದ ಡಬ್ಬಿ ತಂದುಕೊಟ್ಟೆ. ಅವಳು ಮೂರನ್ನೂ ಬಿಚ್ಚಿ, ಮೂಗಿನ ಹತ್ತಿರ ಹಿಡಿದು ನೋಡಿ, "ಒಂದು ರೊಟ್ಟಿ, ಒಂದು ಪಲ್ಯ. ಮೂರನೇದ್ರಾಗ ಏನು ಹಾಕಲವಾ, ನಿನ್ನ ಪ್ರೀತಿ?" ಎಂದಳು.

ನಿದ್ದೆ ಹೋಯಿತು. ಅದನ್ನು ಬಣ್ಣಿಸಿ ನಿಮ್ಮ ನಿದ್ದೆಯನ್ನೂ ಕೆಡಿಸುವುದಿಲ್ಲ. ಕಣ್ಣು ಮುಚ್ಚಿದರೆ ಆ ಮೊದಲ ನಿಧಾನದ ಸುತ್ತು ಶುರುವಾಗುತ್ತಿತ್ತು ಎಂದರೆ ಸಾಕು. ಕೆಲವು ಸಲ ಹುಲಿಗೆವ್ವ ನಾಲ್ಕು ಹೆಜ್ಜೆಯ ಬದಲು ಮೂರೇ ಇಡುತ್ತಿದ್ದಳು. ಹಗಲಿನಲ್ಲೂ ಕಾಟ ತಪ್ಪಲಿಲ್ಲ. ಸಂತೆಯಲ್ಲಿ ಕಲ್ಲಂಗಡಿ ರಾಶಿ ಕಂಡರೆ ಎದುರು ನಿಲ್ಲದೆ ಪಕ್ಕಕ್ಕೆ ಸರಿಯುತ್ತಿದ್ದೆ.

ಆ ಭಾನುವಾರ ಹುಬ್ಬಳ್ಳಿಯಿಂದ ಬಂದ ನೆಂಟರನ್ನು ಹಂಪಿಗೆ ಕರೆದುಕೊಂಡು ಹೋಗಬೇಕಾಯಿತು. ಹಂಪಿ ನಮಗೆ ನೆಂಟರು ಬಂದಾಗ ನೆನಪಾಗುವ ಊರು. ಹುಟ್ಟಿದಾಗಿನಿಂದ ಆ ಬಂಡೆಗಳನ್ನು ನೋಡುತ್ತ ಬಂದಿದ್ದೇನೆ, ಆದರೆ ಅಂದು ಮೊದಲ ಸಲ ಹೆದರಿದೆ. ಮನೆಯಷ್ಟು ದೊಡ್ಡ ಗುಂಡು ಇನ್ನೊಂದರ ತುದಿಯಲ್ಲಿ ಕೂತಿದೆ, ಅದರ ಮೇಲೆ ಮತ್ತೊಂದು. ಯಾರೋ ಅವಸರದಲ್ಲಿ ಲಾರಿ ಖಾಲಿ ಮಾಡಿ ಚಾ ಕುಡಿಯಲು ಹೋದಂತೆ ಇಡೀ ಊರು ಹರಡಿಕೊಂಡಿದೆ. ನೆಂಟರು ಗೋಪುರ ನೋಡಿದರು, ನಾನು ಬಂಡೆಗಳ ಬುಡ ನೋಡಿದೆ. ಬಹಳಷ್ಟು ಕಡೆ, ಬಗ್ಗಿ ನೋಡಿದರೆ, ದೊಡ್ಡ ಗುಂಡಿನ ಕೆಳಗೆ ಒಂದು ಸಣ್ಣ ಕಲ್ಲಿನ ಚೂರು ಸಿಕ್ಕಿಕೊಂಡಿದೆ. ಬೆಟ್ಟದ ಫೋಟೋ ತೆಗೆಯುವವರು ಯಾರೂ ಅದರ ಫೋಟೋ ತೆಗೆಯುವುದಿಲ್ಲ. ಹಂಪಿ ಇಷ್ಟು ಕಾಲ ನಿಂತಿರುವುದಕ್ಕೆ ಅರಸರು ಎಷ್ಟು ಕಾರಣವೋ, ಆ ಚೂರುಗಳನ್ನು ಯಾರೂ ಪೂಜೆಗೆ ಎತ್ತಿಕೊಂಡು ಹೋಗದೆ ಇದ್ದದ್ದೂ ಅಷ್ಟೇ ಕಾರಣ ಎಂದು ನನಗೆ ಅನ್ನಿಸಿತು. ಒಂದು ಬಂಡೆಯ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚೋಣ ಎಂದರು ನೆಂಟರು. ನಾನು ಬಿಸಿಲಿನಲ್ಲೇ ಕೂತೆ. ನೆಗಡಿ ಆಗಿದೆ ಎಂದು ಹೇಳಿದೆ.

ಆಮೇಲಿನ ವಾರ ತಿಪ್ಪಣ್ಣನ ಲಾರಿ ತಡವಾಗಿ ಬರತೊಡಗಿತು. ಬೆಳಿಗ್ಗೆ ಹತ್ತಕ್ಕೆ ಬರುತ್ತಿದ್ದವರು ಹನ್ನೆರಡಕ್ಕೆ ಬಂದರು. ಮರುದಿನ ಇನ್ನೂ ತಡ. ಕಾರಣ ಕೇಳಿದಾಗ ಅವರು ಬೋರ್ಡಿನ ಕಡೆ ನೋಡುತ್ತ ಹೇಳಿದರು, "ಹಾದ್ಯಾಗ ನಿಲ್ಲಿಸಿ ನಿಲ್ಲಿಸಿ ನೋಡ್ಕೊಂತ ಬರ್ತೀನ್ರಿ ಅಕ್ಕಾರ. ಹಗ್ಗ ಕಟ್ಟೀನೋ ಇಲ್ಲೋ, ಬೆಣಿ ಕೊಟ್ಟೀನೋ ಇಲ್ಲೋ. ನೋಡ್ತೀನಿ, ಇರ್ತೈತಿ. ಗಾಡಿ ಹತ್ತೀನಂದ್ರ ಮತ್ತ ಅನುಮಾನ. ಹಂಪ್ ಬಂದ ಕಡಿಗೆಲ್ಲಾ ಇಳಿಯೋದು. ನನ್ನ ಕೈ ಮ್ಯಾಲ ನನಗ ನಂಬಿಕಿ ಹೋತ್ರಿ."

ಹೊಸಪೇಟೆಯಿಂದ ಕಂಪ್ಲಿಯವರೆಗೆ ರಸ್ತೆಯಲ್ಲಿ ಎಷ್ಟು ಹಂಪ್ ಇವೆಯೆಂದು ದಿನಾ ಬಸ್ಸಿನಲ್ಲಿ ಹೋಗುವ ನನ್ನ ಸೊಂಟಕ್ಕೆ ಗೊತ್ತು. ಅಷ್ಟೂ ಕಡೆ ಆ ಮನುಷ್ಯ ಲಾರಿ ನಿಲ್ಲಿಸಿ, ನೋಯುವ ಸೊಂಟ ಹಿಡಿದುಕೊಂಡು ಹತ್ತಿ ಇಳಿಯುತ್ತಿದ್ದಾರೆ. ಅವರ ಕೆಲಸ ಹೋಗುವುದೊಂದೇ ಅಂದುಕೊಂಡಿದ್ದೆ. ಕೆಲಸ ಇನ್ನೊಂದು ಸಿಗಬಹುದು. ನಾನು ಎತ್ತಿಕೊಂಡದ್ದು ಒಂದು ಕಲ್ಲನ್ನಲ್ಲ, ಅವರು ಇಷ್ಟು ವರ್ಷ ಯೋಚಿಸದೆ ನಂಬಿದ್ದ ಅವರ ಎರಡು ಕೈಗಳನ್ನು.

ಹದಿಮೂರನೆಯ ದಿನ, ಶನಿವಾರ, ಸಾಹುಕಾರ್ರು ಬಂದರು. ತಿಪ್ಪಣ್ಣನೂ ಇದ್ದರು, ಹುಲಿಗೆವ್ವ ಗುಡಿಸುತ್ತಿದ್ದಳು. ಈ ಸಲ ನಾನು ಏನನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ.

"ಸಾಹುಕಾರ್ರ, ಅವತ್ತು ಆ ಕಲ್ಲು ತೆಗದಾಕಿ ನಾನು."

"ಯಾವ ಕಲ್ಲವಾ?"

"ತಿಪ್ಪಣ್ಣ ರೀಲಿಗೆ ಕೊಟ್ಟಿದ್ದ ಕಲ್ಲು. ಅವರು ಇಟ್ಟಿದ್ದು ಖರೇ. ಕಾಯಿ ಒಡಿಯಾಕ ನಾನ ಎತ್ತಿಕೊಂಡು ಹೋದೆ."

ಸಾಹುಕಾರ್ರು ಬಾಗಿಲ ಮೇಲಿನ ದೇವರ ಫೋಟೋ ನೋಡಿದರು, ನನ್ನನ್ನು ನೋಡಿದರು. "ಅಂದ್ರ, ನಮ್ಮ ಪೂಜಿನ..." ಎಂದು ಶುರುಮಾಡಿ ವಾಕ್ಯ ಮುಗಿಸಲಿಲ್ಲ. ಮುಗಿಸಿದ್ದರೆ ಅವರವ್ವನ ಮಾತಿಗೆ ಧಕ್ಕೆ ಬರುತ್ತಿತ್ತು. ಪೊರಕೆ ಗೋಡೆಗಾನಿಸಿ ಹುಲಿಗೆವ್ವ ಹತ್ತಿರ ಬಂದಳು. "ಅಂದ್ರ ಕೊಲ್ಲಾಕ ಹೊಂಟಾಕೀನೂ ನೀನ, ಕೂಗಿ ಕರದು ಉಳಿಸಿದಾಕೀನೂ ನೀನ! ಅದಕ್ಕ ಮೂರು ಡಬ್ಬಿ ಕೊಡಿಸೀದಿ. ನಾ ಅವತ್ತ ಅಂದೆ, ಈಕಿ ಸುಮ್ಮನ ಕೊಡಾಕಿ ಅಲ್ಲ ಅಂತ." ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವಿಗೆ ನಾನು ಜನ್ಮಪೂರ್ತಿ ಋಣಿ.

ತಿಪ್ಪಣ್ಣ ನಗಲಿಲ್ಲ. "ಹದಿಮೂರು ದಿನ, ಅಕ್ಕಾರ" ಎಂದರು. "ನನ್ನ ಹೆಂಡ್ತಿ ಮುಂದ ಹೇಳಿಬಿಟ್ಟಿದ್ದೆ, ನನಗ ಮರವು ಬಂತು, ಇನ್ನ ಗಾಡಿ ಬಿಡ್ತೀನಿ ಅಂತ. ಆಕಿ ಅತ್ಲು" ಎಂದರು. ಲಾರಿಯ ಕಡೆ ಹೋದರು.

ಬೈಗುಳ ನನಗೆ ಬೇಕಾದಷ್ಟು ಸಿಕ್ಕಿತು, ಸಿಗಬೇಕಾದ್ದೇ. ತಿಪ್ಪಣ್ಣನ ಲಾರಿ ಉಳಿಯಿತು. ಬಡಿಗೇರರಿಂದ ಹತ್ತು ಹೊಸ ಬೆಣೆ ಮಾಡಿಸಿ ಹಳದಿ ಬಣ್ಣ ಬಳಿದೆವು, ಬೇರೆ ಯಾವ ಕೆಲಸಕ್ಕೂ ಯಾರೂ ಮುಟ್ಟದಿರಲಿ ಎಂದು. ಕಾಯಿ ಒಡೆಯುವ ಕಲ್ಲನ್ನು ಗೇಟಿನಲ್ಲೇ ಸಿಮೆಂಟು ಹಾಕಿ ಕೂರಿಸಿಬಿಟ್ಟೆವು. ಸಾಹುಕಾರ್ರು ಇಳಿಜಾರಿನ ಕೆಳತುದಿಯಲ್ಲಿ ಯಾರೂ ಕೂರದಂತೆ ಗೆರೆ ಹೊಡೆಸಿದರು. ಹುಲಿಗೆವ್ವ ಮರುದಿನವೇ ಗೆರೆಯ ಆಚೆ ಕೂತಿದ್ದಳು. ನೆರಳು ಅಲ್ಲೇ ಇರುವುದು ಎಂದಳು. ಅವಳಿಗಾಗಿ ಈಚೆ ಒಂದು ತಗಡಿನ ನೆರಳು ಹಾಕಿಸಿದ ಮೇಲೆ ಗೆರೆಗೆ ಬೆಲೆ ಬಂತು.

ನಿಜ ಹೇಳಿದ ದಿನವೇ ನಿದ್ದೆ ಬರುತ್ತದೆ ಎಂದು ನಾನು ನಂಬಿದ್ದೆ. ಬರಲಿಲ್ಲ. ಯಾಕೆಂದು ತಿಳಿದದ್ದು ಗೋಡೆಗೆ ಬಡಿದ ಆ ರೀಲಿನಿಂದ. ಅದನ್ನು ಹಾಗೇ ಮಿಷನ್ನಿಗೆ ಹಾಕುವಂತಿಲ್ಲ. ಪೆಟ್ಟು ಎಷ್ಟು ಆಳ ಹೋಗಿದೆಯೋ ಅಷ್ಟೂ ಸುತ್ತು ಬಿಚ್ಚಿ ತೆಗೆಯಬೇಕು. ಮೊದಲ ಸುತ್ತಿನಲ್ಲಿ ಅಂಗೈಯಗಲ ಹರಿದಿರುತ್ತದೆ. ಬಿಚ್ಚಿದರೆ ಕೆಳಗೆ, ಅದೇ ಜಾಗದಲ್ಲಿ, ಸ್ವಲ್ಪ ಸಣ್ಣ ಹರಕು. ಅದರ ಕೆಳಗೆ ಇನ್ನೂ ಸಣ್ಣದು. ಸುತ್ತಿಗೊಂದರಂತೆ ಅದೇ ಗಾಯ, ಪ್ರತಿ ಸಲ ಕೂದಲೆಳೆಯಷ್ಟು ಕಡಿಮೆ. ಮಧ್ಯದಲ್ಲಿ ಬೇಸರಪಟ್ಟು ನಿಲ್ಲಿಸಿದರೆ ಕಾಗದ ಓಡುವಾಗ ಅಲ್ಲೇ ತುಂಡಾಗುತ್ತದೆ. ಹುಲಿಗೆವ್ವ ಎರಡು ದಿನ ಕೂತು ಬಿಚ್ಚಿದಳು. ತಿಪ್ಪಣ್ಣನಿಗೆ ನಿಜ ಗೊತ್ತಾಗಿತ್ತು, ಆದರೆ ಅವರು ಈಗಲೂ ರಸ್ತೆಯ ಹಂಪುಗಳಲ್ಲಿ ಇಳಿಯುತ್ತಿದ್ದರು. ಬೆಣೆ ಕೊಟ್ಟು, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಕಾಲಿನಿಂದ ಒದ್ದು ನೋಡುತ್ತಿದ್ದರು. ನನ್ನ ಜೊತೆ ಮಾತು ಕೆಲಸಕ್ಕೆ ಬೇಕಾದಷ್ಟೇ. ಸುತ್ತು ಬಿಚ್ಚಬೇಕಾದವರು ಅವರು, ಆತುರ ಮಾಡುವ ಹಕ್ಕು ನನಗಿರಲಿಲ್ಲ.

ಲಾರಿ ಬರುವ ಹೊತ್ತು ದಿನದಿಂದ ದಿನಕ್ಕೆ ಹಿಂದೆ ಸರಿಯಿತು. ಹನ್ನೆರಡರಿಂದ ಹನ್ನೊಂದೂವರೆಗೆ, ಅಲ್ಲಿಂದ ಹನ್ನೊಂದಕ್ಕೆ. ರಿಜಿಸ್ಟರಿನಲ್ಲಿ ಬರೆಯುವಾಗ ನನ್ನ ಎದೆಯೊಳಗೆ ಒಂದೊಂದು ಸುತ್ತು ಬಿಚ್ಚಿಕೊಂಡಂತೆ ಆಗುತ್ತಿತ್ತು. ಕೊನೆಗೆ ಒಂದು ಗುರುವಾರ ಅವರು ಹತ್ತೂಕಾಲಿಗೆ ಬಂದರು. ಏಳು ರೀಲು ಇಳಿಯಿತು. ಏಳಕ್ಕೂ ಬೆಣೆ ಕೊಟ್ಟರು. ಒಮ್ಮೆ ಅಲ್ಲಾಡಿಸಿ ನೋಡಿ ಕೈ ಕೊಡವಿಕೊಂಡರು. ತಿರುಗಿ ಬರಲಿಲ್ಲ. ಕೈ ತೊಳೆದು, ಉಂಡು, ಲಾರಿಯ ಕ್ಯಾಬಿನ್ ಹತ್ತಿ ಸೀಟಿನ ಮೇಲೆ ಅಡ್ಡಾದರು. ತೆರೆದ ಬಾಗಿಲಿನಿಂದ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.

ಹುಲಿಗೆವ್ವ ತನ್ನ ತಗಡಿನ ನೆರಳಿನಿಂದ ತಲೆ ಎತ್ತಿದಳು. "ಕೇಳವಾ ಇವನ ಗೊರಕಿ. ರೀಲು ಗ್ವಾಡಿಗೆ ಬಡದಾಗ ಸೈತ ಇಷ್ಟು ಸಪ್ಪಳ ಆಗಿದ್ದಿಲ್ಲ."

ನಾನು ಒಮ್ಮೆ ಹೋಗಿ ಏಳೂ ಬೆಣೆ ನೋಡಿ ಬರೋಣವೆಂದು ಎದ್ದೆ. ಆಮೇಲೆ ಆ ಎರಡು ಪಾದ ನೋಡಿದೆ, ಕೂತೆ.

ಅಂದು ಮನೆಗೆ ಹೋಗಿ, ಉಂಡು, ಮಲಗಿದ್ದು ನೆನಪಿದೆ. ಆಮೇಲೆ ನೆನಪಿರುವುದು ಕಿಟಕಿಯಲ್ಲಿ ಪೂರ್ತಿ ಏರಿದ ಬಿಸಿಲು, ಮತ್ತು ಮಂಚದ ಪಕ್ಕ ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ನಿಂತ ನಮ್ಮ ಮನೆಯವರು. ದೋಣಿಮಲೈ ಸ್ಟಾಫ್ ಬಸ್ಸು ಹೋಗಿಬಿಟ್ಟಿತ್ತು. ಇಷ್ಟು ದಿನವೂ ನಾನು ಹೇಗೂ ಎಚ್ಚರವಾಗಿಯೇ ಇರುತ್ತೇನೆಂದು ಅವರು ಅಲಾರಾಂ ಇಡುವುದನ್ನೇ ಬಿಟ್ಟಿದ್ದರು.

"ಇವತ್ತ ಎಬ್ಬಿಸಲಿಲ್ಲಲ್ಲ ನೀನು?" ಎಂದರು, ದೊಡ್ಡ ಅನ್ಯಾಯವಾದವರಂತೆ.

ಆ ಶುಕ್ರವಾರ ನಮ್ಮ ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ತಡವಾಗಿ ಹೋದೆವು. ನಾನು ಎರಡು ಸಲ ಚಾ ಕುಡಿದು ಹೋದೆ.